ಮಾವನವರ ಅವಧಿ ಮುಗಿದಿದೆ

ಹತ್ತು ನಿಮಿಷದ ಕೆಲಸ. ಅಂದು ಬೆಳಿಗ್ಗೆ ಅವಲಕ್ಕಿ ತಿನ್ನುತ್ತ ಹೆಂಡತಿ ಸುನಂದಾಗೆ ನಾನು ಹೇಳಿದ್ದು ಇಷ್ಟೇ.

"ಹೋದ ಸರ್ತೀನೂ ಹತ್ತ ನಿಮಿಷ ಅಂದಿದ್ರಿ. ಮಿಕ್ಸರ್ ಇನ್ನೂ ಬಿಚ್ಚಿದಂಗ ಐತಿ," ಎಂದಳು.

"ಮಿಕ್ಸರ್ ಬ್ಯಾರೆ, ಸರ್ವರ್ ಬ್ಯಾರೆ!" ಎಂದು ಘನತೆಯಿಂದ ಹೊರಟೆ.

ಅಥಣಿಯ ಹೊರಗಿರುವ ದ್ರಾಕ್ಷಿ ಬೆಳೆಗಾರರ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರಿನ ಸಕಲ ಜವಾಬ್ದಾರಿ ನನ್ನದು. ಗೇಟು ತೆರೆಯುವುದಕ್ಕೆ ಒಂದು ಪ್ರೋಗ್ರಾಮು, ತೂಕಕ್ಕೆ ಒಂದು, ತಣ್ಣನೆಯ ಕೋಣೆಗಳಿಗೆ ಒಂದು. ಊಟದ ಡಬ್ಬಿಯಲ್ಲಿ ಪಲ್ಯ, ರೊಟ್ಟಿ ಬೇರೆ ಬೇರೆ ಇಟ್ಟ ಹಾಗೆ ಒಂದೊಂದೂ ತನ್ನ ತನ್ನ ಕಂಟೇನರಿನಲ್ಲಿ ಇರುತ್ತದೆ. ಇವೆಲ್ಲದರ ಮೇಲೊಂದು ಐಡೆಂಟಿಟಿ ಸರ್ವರ್. ಯಾರು ಬಂದರೂ "ನೀನು ಯಾರು?" ಎಂದು ಕೇಳಿ, ನಂಬಿಕೆ ಬಂದರೆ ಒಳಗೆ ಬಿಡುವುದೇ ಅದರ ಕೆಲಸ. ಮನುಷ್ಯರಿಗಷ್ಟೇ ಅಲ್ಲ, ಪ್ರೋಗ್ರಾಮುಗಳಿಗೂ ಅಲ್ಲಿ ಹೆಸರು, ಪಾಸ್‌ವರ್ಡು ಬೇಕು. ಅದಕ್ಕೆ ಸರ್ವಿಸ್ ಅಕೌಂಟ್ ಎನ್ನುತ್ತಾರೆ.

ಗೇಟಿನ ಪ್ರೋಗ್ರಾಮಿನ ಅಕೌಂಟಿಗೆ ನಾನೇ ಹಿಂದೊಮ್ಮೆ 'ಮಾವನವರು' ಎಂದು ಹೆಸರಿಟ್ಟಿದ್ದೆ. ಕಾರಣವಿತ್ತು. ದಿಗ್ಗೇವಾಡಿಯ ನಮ್ಮ ಮಾವನವರು ಬಾಗಿಲು ಬಡಿಯುವವರಲ್ಲ. ಹೇಳದೆ ಬರುತ್ತಾರೆ, ನೇರವಾಗಿ ಅಡಿಗೆಮನೆಗೆ ನಡೆದು ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಾರೆ. ತಡೆಯುವ ಧೈರ್ಯ ಯಾರಿಗೂ ಇಲ್ಲ. ಹಾಗೆಯೇ ಆ ಅಕೌಂಟಿಗೂ ಎಂದೂ ಮುಗಿಯದ ಪಾಸ್‌ವರ್ಡು ಕೊಟ್ಟಿದ್ದೆ.

ಆ ದಿನ ಸರ್ವರಿನ ಹೊಸ ಆವೃತ್ತಿ ಹಾಕಬೇಕಿತ್ತು. ಜೊತೆಗೆ ಬಂದ ಸೂಚನೆಗಳು ಹನ್ನೊಂದು ಪುಟ. ಮೊದಲ ಸಾಲಿನಲ್ಲೇ "ಅಪ್‌ಗ್ರೇಡ್ ಬಹಳ ಸುಲಭ" ಎಂದಿತ್ತು. ಉಳಿದದ್ದನ್ನೂ ಓದಿ ಬರೆದವರ ಮಾತಿನ ಮೇಲೆ ಅನುಮಾನ ತೋರಿಸಬಾರದೆಂದು ಅಲ್ಲಿಗೇ ನಿಲ್ಲಿಸಿದೆ. ಗುಂಡಿ ಒತ್ತಿದೆ. ಪರದೆಯ ಮೇಲೆ ಎಲ್ಲ ಹಸಿರು! ನನ್ನ ಬೆನ್ನು ನಾನೇ ತಟ್ಟಿಕೊಂಡು ಚಹಾಕ್ಕೆ ಹೋದೆ.

ತಿರುಗಿ ಬಂದಾಗ ಗೇಟಿನ ಹೊರಗೆ ಮೆಹಬೂಬ್ ಚಾಚಾ ಅವರ ಟೆಂಪೋ ನಿಂತಿತ್ತು. ಅವರ ತೋಟದ ಮೊಟ್ಟಮೊದಲ ಫಸಲು ಅದು. ಬೆಳಕು ಹರಿಯುತ್ತಲೇ ಕೊಯ್ದು ತಂದಿದ್ದರು. ಬಿಸಿಲೇರುವುದರೊಳಗೆ ತಣ್ಣನೆಯ ಕೋಣೆ ಸೇರದಿದ್ದರೆ ದ್ರಾಕ್ಷಿ ಮೆತ್ತಗಾಗುತ್ತದೆ, ಕೊಳ್ಳುವವರು ಮುಖ ತಿರುಗಿಸುತ್ತಾರೆ. ಗೇಟು ಮಾತ್ರ ಮಿಸುಕಿರಲಿಲ್ಲ. ಚಾಚಾ ತಲೆ ತಗ್ಗಿಸಿ ನಿಂತಿದ್ದರು. ಪಕ್ಕದಲ್ಲಿ ವಾಚ್‌ಮನ್ ಶಿವಪ್ಪ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ.

ಗೇಟಿನ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗಿತ್ತು: "ಮಾವನವರ ಅವಧಿ ಮುಗಿದಿದೆ."

ಸಂದೇಶಗಳೆಲ್ಲ ಅಚ್ಚ ಕನ್ನಡದಲ್ಲೇ ಬರಬೇಕೆಂದು ಹಟ ಹಿಡಿದು ಬರೆದವನೂ ನಾನೇ.

"ಸಮಾಧಾನ ಮಾಡ್ಕೋರಿ ಸಾಹೇಬ್ರ," ಎಂದ ಶಿವಪ್ಪ. "ಮನ್ಯಾಗ ಅಕ್ಕಾವ್ರಿಗೆ ಫೋನ್ ಮಾಡಿ ತಿಳಿಸೇನ್ರಿ."

"ಏನಂತ ತಿಳಿಸಿದಿ?"

"ಇದ್ದದ್ದ ಓದಿ ಹೇಳೇನ್ರಿ!"

ಸುನಂದಾಗೆ ಫೋನ್ ಮಾಡಿದರೆ ಎಂಗೇಜ್ ಬಂತು. ಒಳಗೆ ಓಡಿ ಸೂಚನೆಗಳನ್ನು ತೆರೆದೆ. ಎರಡನೆಯ ಪುಟದಲ್ಲೇ ಬರೆದಿತ್ತು: ಎಂದೂ ಮುಗಿಯದ ಪಾಸ್‌ವರ್ಡು ಇನ್ನು ನಡೆಯುವುದಿಲ್ಲ, ಪ್ರತಿ ಕಂಟೇನರೂ ತಾಸಿಗೊಮ್ಮೆ ತನ್ನ ಗುರುತು ಹೇಳಿ ಹೊಸ ಟೋಕನ್ ಪಡೆಯಬೇಕು. ಗಡಿಬಿಡಿಯಲ್ಲಿ ನನಗೆ ಹೊಳೆದದ್ದು ಒಂದೇ ಉಪಾಯ. ಹಳೆಯ ಅಕೌಂಟನ್ನು ಅಳಿಸಿ ಹೊಸದು ಮಾಡುವುದು. ಅಳಿಸಿದೆ. ಹೊಸದು ಮಾಡಲು ಹೋದರೆ, ಅಷ್ಟರಲ್ಲಿ ನನ್ನ ತಾಸೂ ಮುಗಿದಿತ್ತೇನೋ, ಸರ್ವರ್ ನನ್ನನ್ನೇ "ನೀನು ಯಾರು?" ಎಂದಿತು!

ಹೊರಗಿನಿಂದ ಶಿವಪ್ಪ ಕೂಗಿದ: "ಸಾಹೇಬ್ರ, ಈಗ 'ಮಾವನವರು ಇಲ್ಲ' ಅಂತ ಬರಾಕತ್ತೈತ್ರಿ! ಖಾತ್ರಿ ಆತ ನೋಡ್ರಿ!"

ಚಾಚಾ ಪಕ್ಕದ ಸಣ್ಣ ಬಾಗಿಲಿನಿಂದ ಬಂದು ನನ್ನ ಕೈ ಹಿಡಿದುಕೊಂಡರು. "ನನ್ನ ಮಾಲ್ ಇರ್ಲಿ ಬಿಡ್ರಿ. ನೀವ ಮೊದಲ ದಿಗ್ಗೇವಾಡಿಗೆ ಹೋಗ್ರಿ. ಮನಷ್ಯಾ ಹೋದ ಮ್ಯಾಲೆ ದ್ರಾಕ್ಷಿದೇನ್ರಿ?"

ಹೊರಗೆ ಅವರ ಮೊದಲ ಫಸಲು ಬಿಸಿಲಿಗೆ ನಿಂತಿತ್ತು. ಅವರು ನನಗೆ ಸಮಾಧಾನ ಹೇಳುತ್ತಿದ್ದರು. ನಾಚಿಕೆಯಿಂದ ನನ್ನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. "ಚಾಚಾ, ಯಾರೂ ಸತ್ತಿಲ್ಲ. ಸತ್ತಿದ್ದು ಪಾಸ್‌ವರ್ಡ್!" ಎಂದೆ.

"ದುಃಖದಾಗ ಹಿಂಗ ಏನೇನರ ಮಾತಾಡ್ತಾರ," ಎಂದು ಚಾಚಾ ಶಿವಪ್ಪನಿಗೆ ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಅತ್ತು ಕಣ್ಣು ಊದಿಸಿಕೊಂಡ ಸುನಂದಾ ಇಳಿದಳು. ಹಿಂದೆಯೇ ಮಾವನವರು ಇಳಿದರು! ಅವಳು ಅಳುತ್ತ ಅಪ್ಪನ ಮೊಬೈಲಿಗೆ ಫೋನ್ ಮಾಡಿದರೆ ಎತ್ತಿದವರು ಸ್ವತಃ ಮೃತರು. ಎಂದಿನಂತೆ ಹೇಳದೆ ಬಂದು ಅಥಣಿ ಬಸ್‌ಸ್ಟ್ಯಾಂಡಿನಲ್ಲಿ ಆಗಷ್ಟೇ ಇಳಿದಿದ್ದರಂತೆ. "ಯಾಕವಾ ಅಳಾಕತ್ತಿ? ಯಾರ ಸತ್ತಾರ?" ಎಂದು ಕೇಳಿದರಂತೆ. "ನೀವ!" ಎಂದಳಂತೆ ಇವಳು.

"ಯಾರ್ರಿ ನೀವು?" ಎಂದು ಶಿವಪ್ಪ ಅಡ್ಡ ನಿಂತ.

"ಮಾವ!"

ಶಿವಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಮಾವನವರು ನನ್ನ ಕಡೆ ನೋಡಲೂ ಇಲ್ಲ. ಅಭ್ಯಾಸಬಲದಿಂದ ಟೆಂಪೋದ ಒಂದು ಕ್ರೇಟಿನ ಮುಚ್ಚಳ ತೆಗೆದು, ಒಂದು ಹಣ್ಣು ಒತ್ತಿ ನೋಡಿದರು. "ಇನ್ನೂ ಬಿರಸ ಅದಾವ. ಲಗೂನ ಒಳಗ ಹಾಕ್ರಿ. ಕರೆಂಟ್ ಹೋದಾಗ ಈ ಗೇಟ್ ಹೆಂಗ ತಗೀತೀರಿ?"

"ಹ್ಯಾಂಡಲ್ ಐತ್ರಿ," ಎಂದ ಶಿವಪ್ಪ.

"ಮತ್ತ ಇಷ್ಟೊತ್ತನಕಾ?"

"ಮಾವ ತೀರ್ಕೊಂಡಾರ ಅನ್ನೋ ಹೊತ್ತಿನಾಗ ಹ್ಯಾಂಡಲ್ ಅಂತ ಹೆಂಗ ಅನ್ಲಿರಿ?"

ಹ್ಯಾಂಡಲ್ ಅವನ ಕೋಣೆಯ ಮೂಲೆಯಲ್ಲೇ ಇತ್ತು. ಅದಕ್ಕೆ ಅವನ ಊಟದ ಚೀಲ ನೇತಾಡುತ್ತಿತ್ತು. ಹತ್ತು ಸುತ್ತು ತಿರುಗಿಸಿದ, ಗೇಟು ತೆರೆಯಿತು. ಕೈಯಿಂದ ಚೀಟಿ ಬರೆದು ಕ್ರೇಟುಗಳನ್ನು ಒಳಗೆ ಸಾಗಿಸಿದೆವು. ಒಂದು ಗೊಂಚಲೂ ಕೆಡಲಿಲ್ಲ. ಚಾಚಾ ಮೊದಲ ಗೊಂಚಲನ್ನು ಮಾವನವರ ಕೈಗಿಟ್ಟು, "ನೂರ ವರ್ಷ ಬಾಳ್ರಿ," ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಮಧ್ಯಾಹ್ನ ಹನ್ನೊಂದೂ ಪುಟಗಳನ್ನು ಎರಡೆರಡು ಸಲ ಓದಿದೆ. ಹೊಸ ಅಕೌಂಟು ಸಿದ್ಧವಾಯಿತು. ಹೆಸರು ಇಡುವುದೊಂದೇ ಉಳಿದಿತ್ತು. ಪಕ್ಕದಲ್ಲಿ ದ್ರಾಕ್ಷಿ ತಿನ್ನುತ್ತ ಕುಳಿತಿದ್ದ ಮಾವನವರಿಗೆ ಎಲ್ಲವನ್ನೂ ವಿವರಿಸಿದೆ.

"ಅಂದ್ರ ಇದು ತಾಸಿಗೊಮ್ಮೆ ತಾನು ಯಾರು ಅಂತ ಹೇಳ್ಬೇಕು?"

"ಹೌದ್ರಿ."

"ಹೇಳ್ಲಿಲ್ಲಂದ್ರ ಹೊರಗ ಹಾಕ್ತಾರ?"

"ಹೌದ್ರಿ."

"ಹಂಗಾರ ನನ್ನ ಹೆಸರ ಬ್ಯಾಡ ಅಳಿಯಾರ. 'ಅಳಿಯ' ಅಂತ ಇಡ್ರಿ."

ಇಟ್ಟೆ. ಅಂದಿನಿಂದ ಗೇಟು ಒಮ್ಮೆಯೂ ಕೈಕೊಟ್ಟಿಲ್ಲ. ತಾಸಿಗೊಮ್ಮೆ ಪರದೆಯ ಮೇಲೆ ಅಚ್ಚ ಕನ್ನಡದಲ್ಲಿ ಬರುತ್ತದೆ: "ಅಳಿಯನನ್ನು ತಾತ್ಕಾಲಿಕವಾಗಿ ಒಪ್ಪಲಾಗಿದೆ." ಸುನಂದಾ ಅದರ ಫೋಟೋ ತೆಗೆದು ತವರಿಗೆ ಕಳಿಸಿದ್ದಾಳೆ. ಮಿಕ್ಸರ್ ರಿಪೇರಿ ಆಗುವವರೆಗೆ ಮನೆಯಲ್ಲೂ ಇದೇ ನಿಯಮ ಎಂದಿದ್ದಾಳೆ.