ನಾಲ್ಕೂರಿನ ಜೀವ, ಒಂದೇ ಪೆಟ್ಟಿಗೆ

ಕೆಲವರು ಹಾವಿಗೆ ಹೆದರುತ್ತಾರೆ, ಕೆಲವರು ಹಲ್ಲಿಗೆ. ನಮ್ಮ ಓಣಿಯ ಹಳೆಯ ಪೈಲ್ವಾನರೊಬ್ಬರು ಇಂಜೆಕ್ಷನ್ ಸೂಜಿ ಕಂಡರೆ ಗೋಡೆಗೆ ಆತುಕೊಳ್ಳುತ್ತಾರೆ. ಸದ್ದಿಗೆ ಹೆದರುವವರಂತೂ ಎಲ್ಲ ಊರಲ್ಲೂ ಇದ್ದಾರೆ. ನಾನು ಹೆದರುವುದು ಸದ್ದು ನಿಲ್ಲುವುದಕ್ಕೆ. ರವಿವಾರ ಮಧ್ಯಾಹ್ನ ಉಂಡು ಅಡ್ಡಾಗಿರುವಾಗ ಕರೆಂಟು ಹೋಗಿ ತಲೆಯ ಮೇಲಿನ ಫ್ಯಾನು ನಿಂತರೆ ಮನೆಯವರೆಲ್ಲ ಸೆಖೆ ಎಂದು ಗೊಣಗುತ್ತಾರೆ. ನಾನು ಮಾತ್ರ ಎದೆ ಹಿಡಿದುಕೊಂಡು ಎದ್ದು ಕೂರುತ್ತೇನೆ. "ನಿಂತದ್ದು ಫ್ಯಾನ್ ಅದರೀ, ನಿಮ್ಮ ಸರ್ವರ್ ಅಲ್ಲ. ಮಲ್ಕೋರಿ" ಎನ್ನುತ್ತಾಳೆ ನನ್ನ ಹೆಂಡತಿ ಸುಧಾ, ಕಣ್ಣು ತೆರೆಯದೆಯೇ. ಮದುವೆಯಾದ ಹೊಸದರಲ್ಲಿ ಎದ್ದು ನೀರು ತಂದುಕೊಡುತ್ತಿದ್ದಳು.

ಬೈಲಹೊಂಗಲದ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನನ್ನ ಪಾಲಿಗಿದೆ. ವಿಭಾಗವೆಂದರೆ ನಾನು, ಒಂದು ಕುರ್ಚಿ ಮತ್ತು ನನ್ನ ಭಯ. ಆಸ್ಪತ್ರೆಗೆ ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಶಾಖೆಗಳಿವೆ. ರೋಗಿಗಳ ಹೆಸರು, ರಕ್ತ ಪರೀಕ್ಷೆಯ ವರದಿ, ಎಕ್ಸ್-ರೇ ಚಿತ್ರ, ಯಾವ ಗುಳಿಗೆ ಎಷ್ಟು ಉಳಿದಿದೆ ಎಂಬುದೆಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಕೇಳಿದವರಿಗೆ ಕೇಳಿದ ಕ್ಷಣ ಕೊಡುವ ದೊಡ್ಡ ಕಂಪ್ಯೂಟರಿಗೆ ಸರ್ವರ್ ಎನ್ನುತ್ತಾರೆ. ಹಗಲಿರುಳು ಗುಂಯ್ ಎನ್ನುತ್ತಲೇ ಇರಬೇಕು. ಸಂಪಗಾಂವದಲ್ಲಿ ಪೌರೋಹಿತ್ಯ ಮಾಡುತ್ತಿದ್ದ ನಮ್ಮ ಅಪ್ಪ ದೇವರ ಮುಂದಿನ ನಂದಾದೀಪ ಆರೀತೆಂದು ಊಟದ ನಡುವೆ ಎದ್ದು ಹೋಗಿ ಇಣುಕಿ ಬರುತ್ತಿದ್ದ. ಏನನ್ನಾದರೂ ಆರದ ಹಾಗೆ ಕಾಯುತ್ತ ಕೂಡುವುದು ನಮ್ಮ ಮನೆತನದ ಹಣೆಬರಹ. ಅಪ್ಪನಿಗೆ ಎಣ್ಣೆಯ ಚಿಂತೆಯಿತ್ತು, ನನಗೆ ಕರೆಂಟಿನದು.

ನಾಲ್ಕು ಊರಿಗೆ ನಾಲ್ಕು ಸರ್ವರುಗಳಿದ್ದವು. ನಿಜ ಹೇಳಬೇಕೆಂದರೆ ಅವು ದಿನದ ಬಹುಪಾಲು ಸುಮ್ಮನೆ ಕೂತಿರುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಕೋಣೆ, ಒಂದು ಏಸಿ, ಒಂದು ಬ್ಯಾಟರಿ. ಮನುಷ್ಯರಿಗೆ ಫ್ಯಾನಿಲ್ಲದ ಶಾಖೆಯಲ್ಲೂ ಅದಕ್ಕೆ ತಂಪು ಗಾಳಿ. ಅಧ್ಯಕ್ಷರಾದ ಹಿರಿಯ ಡಾಕ್ಟರ್ ಸಾಹೇಬರು ಯಾವುದೋ ಊರಿನ ಸಭೆಯೊಂದರಲ್ಲಿ ಹಲವು ಯಂತ್ರಗಳನ್ನು ಒಂದರೊಳಗೇ ಕೂಡಿಸುವ ವರ್ಚುವಲೈಸೇಶನ್ ಎಂಬ ಶಬ್ದ ಕೇಳಿಕೊಂಡು ಬಂದವರೇ ನನ್ನನ್ನು ಕರೆಸಿದರು.

"ಕುಲಕರ್ಣಿ, ನಾಲ್ಕು ಊರಾಗ ನಾಲ್ಕು ಎತ್ತ ಕಟ್ಟೀವಿ. ನಾಲ್ಕೂ ಕುಂತ ಹೊಟ್ಟ ತಿನ್ನಾಕತ್ತಾವು. ಮಾರಿ ಒಂದ ಗಟ್ಟಿ ಎತ್ತ ತರೂನು."

"ಆ ಒಂದ ಎತ್ತು ಮಲಗಿದ್ರ, ಸರ್?"

"ಎಬ್ಬಸಾಕ ನೀ ಅದಿಯಲ್ಲ."

ಅವರು ಅದನ್ನು ನಗುತ್ತಲೇ ಹೇಳಿದರು. ನನಗೆ ಆ ದಿನ ಊಟ ಸೇರಲಿಲ್ಲ. ನಾಲ್ಕರಲ್ಲಿ ಒಂದು ಕೆಟ್ಟರೆ ಒಂದೂರಿನವರು ಬೈಯುತ್ತಿದ್ದರು, ಉಳಿದ ಮೂರೂರಿನವರು ಕನಿಕರ ಪಡುತ್ತಿದ್ದರು. ಈಗ ಒಂದೇ ಕೆಟ್ಟರೆ ನಾಲ್ಕೂ ತಾಲೂಕುಗಳಿಂದ ಒಮ್ಮೆಗೇ ಬೈಗುಳ. ಮಾಹಿತಿಯ ನಕಲೊಂದು ಬೇರೆ ಕಡೆ ಇರುತ್ತದೆ, ಅದು ಕಳೆದುಹೋಗದು. ಆದರೆ ಯಂತ್ರ ನಿಂತಷ್ಟು ಹೊತ್ತು ನಾಲ್ಕೂರಿನ ಡಾಕ್ಟರರೂ ಕುರುಡರು.

ಮಿತವ್ಯಯದ ಈ ವಿದ್ಯೆಯನ್ನು ಮೊದಲು ಮನೆಯಲ್ಲಿ ಪ್ರಯೋಗಿಸಿ ಧೈರ್ಯ ತಂದುಕೊಳ್ಳೋಣ ಎನ್ನಿಸಿತು. ಈ ವಿದ್ಯೆಯಲ್ಲಿ ಇನ್ನೊಂದು ಯುಕ್ತಿಯಿದೆ. ಒಂದೇ ಎಕ್ಸ್-ರೇ ಚಿತ್ರ ಕಿತ್ತೂರಿನಲ್ಲೂ ಬೈಲಹೊಂಗಲದಲ್ಲೂ ಇದ್ದರೆ ಯಂತ್ರವೇ ಅದನ್ನು ಗುರುತಿಸಿ, ಒಂದನ್ನಿಟ್ಟುಕೊಂಡು ಇನ್ನೊಂದರ ಜಾಗ ಉಳಿಸುತ್ತದೆ. ಸುಧಾ ತವರಿಗೆ ಹೋದಾಗ ನಾನು ಅಡಿಗೆಮನೆಯಲ್ಲಿ ಡಬ್ಬಿ ಸಾಲಿಟ್ಟ ಫಳಿಯ ಮುಂದೆ ನಿಂತೆ. ಅರ್ಧರ್ಧ ತುಂಬಿದ ಎರಡು ಡಬ್ಬಿಗಳಲ್ಲಿ ಒಂದೇ ಥರದ ಕಪ್ಪು ಚಟ್ನಿಪುಡಿ. ಎರಡನ್ನೂ ಒಂದಕ್ಕೆ ಸುರಿದು, ಖಾಲಿ ಡಬ್ಬಿ ತೊಳೆದು ಬೋರಲು ಹಾಕಿ, ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಬಂದವಳು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದಳು. "ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಎರಡೂ ಒಂದ ಅನಿಸ್ತೇನ್ರೀ ನಿಮಗ? ನಾಳೆ ನಾನೂ ನಮ್ಮಕ್ಕನೂ ಒಂದ ಥರಾ ಸೀರಿ ಉಟ್ರ ಏನ್ ಮಾಡವರು?" ಅಂದಿನಿಂದ ಎರಡು ತಿಂಗಳು ನಮ್ಮ ಮನೆಯಲ್ಲಿ ರೊಟ್ಟಿಗೆ ಆ ಏಕೀಕೃತ ಹಿಂಡಿಯೇ ಗತಿಯಾಯಿತು. ರುಚಿ ಕೆಟ್ಟದ್ದೇನೂ ಇರಲಿಲ್ಲ, ಆದರೆ ಬಾಯಿಬಿಟ್ಟು ಹಾಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಹೊಸ ಯಂತ್ರ ಬಂತು. ಆದರೆ ಶಾಖೆಯವರು ತಮ್ಮ ಸರ್ವರು ಬಿಟ್ಟುಕೊಡಲು ಒಲ್ಲೆವೆಂದರು. ಸವದತ್ತಿಯ ಲ್ಯಾಬ್ ನೋಡಿಕೊಳ್ಳುವ ರೇಣುಕಾಬಾಯಿ ನೇರವಾಗಿ ಕೇಳಿದರು: "ನಮ್ಮ ಸವದತ್ತಿ ಮಷೀನು ಬೈಲಹೊಂಗಲದ ಡಬ್ಬ್ಯಾಗ ಹೆಂಗ ಇರತೈತ್ರಿ? ಅಲ್ಲಿ ನಿಮ್ಮವರ ರಕ್ತ, ನಮ್ಮವರ ರಕ್ತ ಕಲತ ಹೋದ್ರ?" ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ನಾಲ್ಕು ಯಂತ್ರಗಳಿವೆ, ಒಂದಕ್ಕೆ ಇನ್ನೊಂದರ ಗುರುತೇ ಇರುವುದಿಲ್ಲ, ಪ್ರತಿಯೊಂದೂ ತಾನೊಂದೇ ಇದ್ದೇನೆಂದು ನಂಬಿರುತ್ತದೆ ಎಂದು ಹೇಳಿದೆ. "ಹಂಗಂದ್ರ ಅದಕ್ಕೂ ಮೋಸ ಮಾಡತೀರಿ ಅಂದಂಗಾತು" ಎಂದರು ಬಾಯಿ. ಹೆದರಿದಾಗ ನನಗೆ ಅಪ್ಪ ನೆನಪಾಗುತ್ತಾನೆ.

"ಬಾಯಾರ, ಪೂಜಾದಾಗ ಕಲಶ ಇಡ್ತೀವಿ ಹೌದಲ್ರಿ? ಚಂಬು ಒಂದ. ಅದರಾಗ ಗಂಗಾ, ಯಮುನಾ, ನಮ್ಮ ಮಲಪ್ರಭಾ, ಎಲ್ಲಾರನೂ ಕರದು ಕೂಡಸ್ತೀವಿ. ಗಂಗಾ ಗಂಗಾನ ಆಗಿರ್ತಾಳ, ಮಲಪ್ರಭಾ ಮಲಪ್ರಭಾನ. ಚಂಬು ಒಂದಾತಂತ ಅವರೇನು ಜಗಳಾ ಮಾಡ್ತಾರೇನು?"

ರೇಣುಕಾಬಾಯಿ ತಲೆದೂಗಿದರು. "ಅಂದ್ರ ನಮ್ಮ ಮಷೀನಿನ ಜೀವಾ ತಗದು ಆ ಡಬ್ಬ್ಯಾಗ ಆವಾಹನ ಮಾಡತೀರಿ. ಮೊದಲ ಹಂಗ ಹೇಳಬೇಕಿಲ್ರಿ?"

ಆ ಕಲಶದ ಮಾತು ನನಗಿಂತ ಮುಂಚೆ ರಾಮದುರ್ಗ ಮುಟ್ಟಿತು. ಅಲ್ಲಿಯ ಔಷಧಿ ಅಂಗಡಿಯ ಈರಪ್ಪ ತಾನಾಗಿಯೇ ಸರ್ವರನ್ನು ಜಮಖಾನೆಯಲ್ಲಿ ಸುತ್ತಿ ಕಳಿಸಿದ. ಕಿತ್ತೂರಿನವರು ಮಾತ್ರ ಕೊನೆಯವರೆಗೂ ಹಟ ಹಿಡಿದರು. "ಕಿತ್ತೂರಿನವ್ರು ಯಾವುದನ್ನೂ ಸುಮ್ನ ಬಿಟ್ಟ ಕೊಟ್ಟವ್ರಲ್ರಿ" ಎಂದ ಅಲ್ಲಿಯ ಚೀಟಿ ಬರೆಯುವ ಸಿದ್ದಪ್ಪ. ಕಡೆಗೆ ಕೊಟ್ಟಾಗಲೂ ಒಂದು ಮಾತು ಸೇರಿಸಿದ: "ಒಯ್ರಿ. ಆದ್ರ ಲಗೂ ಆರಸಬ್ಯಾಡ್ರಿ." ನಾನು ಅದರೊಳಗಿನದೆಲ್ಲವನ್ನೂ ಹೊಸ ಯಂತ್ರಕ್ಕೆ ಸಾಗಿಸಿ ಖಾಲಿ ಮಾಡಿದೆ. ಉಳಿದ ಮೂರನ್ನು ಗುಂಡಿ ಒತ್ತಿ ಆರಿಸಿದೆ. ಕಿತ್ತೂರಿನದನ್ನು ಅವನ ಮಾತಿಗೆ ಗೌರವ ಕೊಟ್ಟು ಬರಲಿದ್ದ ಆಯುಧಪೂಜೆಯ ಹಬ್ಬ ಮುಗಿಯುವವರೆಗೆ ಇರಲೆಂದು ಹೊಸ ಯಂತ್ರದ ಕೋಣೆಯ ಮೂಲೆಯಲ್ಲಿ ಓಡಲು ಬಿಟ್ಟೆ.

ಎಲ್ಲವೂ ಸುಗಮವಾಗಿ ನಡೆಯಿತು. ಅದೇ ನನ್ನ ಭಯಕ್ಕೆ ಕಾರಣವಾಯಿತು. ಇಷ್ಟು ಚೆನ್ನಾಗಿ ನಡೆಯುತ್ತಿರುವುದು ಯಾವಾಗ ಕೆಡುವುದೋ ಎಂದು ನಾನು ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲತೊಡಗಿದೆ. ಕಸ ಗುಡಿಸಲು ಬಂದವರು ಒಳಗೆ ಯಾರೋ ಪೇಶೆಂಟ್ ಇದ್ದಾರೆಂದೇ ತಿಳಿದು ಮೆಲ್ಲಗೆ ಹೆಜ್ಜೆ ಇಡುತ್ತಿದ್ದರು.

ಹೀಗಿರುವಾಗ ಖಂಡೇನವಮಿ ಬಂತು. ಕಮ್ಮಾರನ ಸುತ್ತಿಗೆಯಿಂದ ಹಿಡಿದು ಡಾಕ್ಟರರ ಕತ್ತರಿಯವರೆಗೆ ಎಲ್ಲಕ್ಕೂ ಕುಂಕುಮ ಕಾಣುವ ದಿನ. ಮೊದಲೆಲ್ಲ ಆಯಾ ಊರಿನವರು ತಮ್ಮ ತಮ್ಮ ಸರ್ವರನ್ನು ಸ್ವಲ್ಪ ಹೊತ್ತು ಆರಿಸಿ, ಒರೆಸಿ, ಪೂಜಿಸಿ, ಫುಟಾಣಿ ಬೆಲ್ಲ ಹಂಚಿ ಮುಗಿಸುತ್ತಿದ್ದರು. ಯಂತ್ರಗಳನ್ನು ಒಂದು ಮಾಡಿದವನಿಗೆ ಪೂಜೆಗಳೂ ಒಂದಾಗುತ್ತವೆಂದು ಹೊಳೆಯಲಿಲ್ಲ. ಜೀವ ಬೈಲಹೊಂಗಲದ ಕಲಶದಲ್ಲಿರುವಾಗ ಸವದತ್ತಿಯಲ್ಲಿ ಖಾಲಿ ಮೇಜಿಗೆ ಯಾರು ಪೂಜೆ ಮಾಡುತ್ತಾರೆ? ಮುಂಜಾನೆ ಆಸ್ಪತ್ರೆಯ ಗೇಟಿನಲ್ಲಿ ಮೂರು ಊರಿನ ಗಾಡಿಗಳು ನಿಂತಿದ್ದವು. ಈ ಯಂತ್ರವನ್ನಂತೂ ಆರಿಸುವ ಹಾಗಿರಲಿಲ್ಲ. ನಾಲ್ಕೂರಿನ ಆಸ್ಪತ್ರೆ ಅದರ ಮೇಲೆ ನಿಂತಿತ್ತು.

ಸಿದ್ದಪ್ಪ ತೊಡೆ ಗಾತ್ರದ ಚೆಂಡುಹೂವಿನ ಹಾರ ತಂದಿದ್ದ. ಈರಪ್ಪನದು ನೇಕಾರರ ಮನೆತನ. ಅಣ್ಣ ಸ್ವತಃ ನೇಯ್ದ ಹೊಸ ಸೀರೆ ತಂದಿದ್ದ. ರೇಣುಕಾಬಾಯಿಯ ಕೈಯಲ್ಲಿ ದೊಡ್ಡ ಚೀಲ ಭಂಡಾರ, ಎಲ್ಲಮ್ಮನ ಗುಡ್ಡದಲ್ಲಿ ಎರಚುವ ನುಣ್ಣನೆಯ ಅರಿಸಿನ ಪುಡಿ. ಆ ಚೀಲ ಕಂಡೊಡನೆ ನಾನು ಯಂತ್ರದ ಮುಂದೆ ಹೋಗಿ ನಿಂತೆ. ಯಂತ್ರ ಮುಂದಿನಿಂದ ಗಾಳಿ ಎಳೆದುಕೊಂಡು ಹಿಂದಿನಿಂದ ಬಿಸಿಯಾಗಿ ಬಿಡುತ್ತದೆ. ಮುಂದೆ ಎಸೆದದ್ದೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ.

"ಈರಪ್ಪಾ, ಸೀರಿ ಬ್ಯಾಡೋ, ಅದಕ್ಕ ಗಾಳಿ ಬೇಕು" ಎಂದೆ.

"ಕೈಮಗ್ಗದ್ದ ಐತ್ರಿ ಸಾಹೇಬ್ರ, ಗಾಳಿ ಭಾಳ ಚಲೋ ಆಡತೈತಿ. ನೋಡ್ರಿ, ಹಿಂದಿನಿಂದ ಉಸರ ಬಿಡಾಕತ್ತೈತಿ, ಆ ಕಡೆ ನಾಕ ಪದರ ಹೊಚ್ಚೇನಿ."

ಬೇಡವೆಂದು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಆರತಿ ತಟ್ಟೆ ಹಿಡಿದು ಬಂದರು. ಅವರ ಹಿಂದೆ ನರ್ಸುಗಳು, ಡ್ರೈವರುಗಳು, ಅವರ ಮನೆಯವರು. ಅಷ್ಟು ಜನರ ಉಸಿರಿಗೆ ಏಸಿ ಸೋತಿತು. "ಸರ್, ಮಷೀನ್ ಕಾಯಲಿಕ್ಕೆ ಹತ್ತೇದ" ಎಂದು ಅವರ ಕಿವಿಯಲ್ಲಿ ಹೇಳಿದೆ. "ಹಬ್ಬದ ದಿನ ಅಪಶಕುನ ನುಡೀಬ್ಯಾಡ, ಕುಲಕರ್ಣಿ" ಎಂದರು. ಅಷ್ಟರಲ್ಲಿ ಸೀರೆಯೊಳಗಿನಿಂದ ಫ್ಯಾನುಗಳ ಸದ್ದು ಏರತೊಡಗಿತು. ಗುಂಯ್ ಎನ್ನುತ್ತಿದ್ದದ್ದು ಹೂಂಕರಿಸಿತು, ಸೀರೆಯ ಸೆರಗು ನಡುಗಿತು. "ದೇವರು ಬಂತ ನೋಡ್ರಿ" ಎಂದರು ಯಾರೋ. ಹತ್ತಾರು ಕೈಗಳು ಮುಗಿದವು. ರೇಣುಕಾಬಾಯಿ "ಉಧೋ ಉಧೋ" ಎನ್ನುತ್ತ ಚೀಲದೊಳಗೆ ಕೈ ಹಾಕಿದರು. ಸದ್ದು ನಿಲ್ಲುವುದಕ್ಕೆ ಜೀವಮಾನವೆಲ್ಲ ಹೆದರಿದವನು ಅಂದು ಸದ್ದು ಏರುವುದಕ್ಕೂ ಹೆದರುವುದನ್ನು ಕಲಿತೆ.

ಅದೇ ಹೊತ್ತಿಗೆ ಜೇಬಿನಲ್ಲಿ ಫೋನು. ರಾಮದುರ್ಗದ ಡಾಕ್ಟರರು. "ಕುಲಕರ್ಣಿಯವ್ರ, ಕಟಕೋಳದಿಂದ ಒಬ್ಬ ಅಜ್ಜಿ ಬಂದಾಳು, ಬಚ್ಚಲದಾಗ ಜಾರಿ ಬಿದ್ದಾಳು. ಟೊಂಕದ ಎಕ್ಸ್-ರೇ ತಗದೇವಿ, ಚಿತ್ರ ತೆರಿಯವಲ್ದು. ಬೆಳಗಾವಿಗೆ ಕಳಸಬೇಕೋ ಬ್ಯಾಡೋ, ಅದನ್ನ ನೋಡಿ ಹೇಳಬೇಕ್ರಿ. ಅಜ್ಜಿ ಒಂದ ಸವನ ಚೀರಾಕತ್ತಾಳು." ಕಾದ ಯಂತ್ರ ತನ್ನ ಜೀವ ಉಳಿಸಿಕೊಳ್ಳಲು ಕೆಲಸ ನಿಧಾನ ಮಾಡಿಕೊಂಡಿತ್ತು. ಫೋನಿನಲ್ಲಿ ಅಜ್ಜಿಯ ದನಿ ನನಗೂ ಕೇಳಿಸಿತು. ಇವರೆಲ್ಲರ ಕೈ ಹಿಡಿದು ಎಳೆದರೆ ನಾಲ್ಕೂರಿನ ಭಕ್ತಿಗೆ ಅವಮಾನ. ಬಿಟ್ಟರೆ ಅಜ್ಜಿಯ ಟೊಂಕ.

ಆಗ ನನ್ನ ಬಾಯಿಂದ ಮಂತ್ರ ಹೊರಟಿತು. ಎಲ್ಲಿಂದ ಬಂತೋ ಗೊತ್ತಿಲ್ಲ, ಅಪ್ಪನದೇ ದನಿ, ಅಪ್ಪನದೇ ಏರಿಳಿತ. ಪೌರೋಹಿತ್ಯದ ಮನೆಯವನು ಮಂತ್ರ ಹೇಳುವಾಗ ತಡೆಯುವವರಾರು? ಅಧ್ಯಕ್ಷರು ಸಹ ಕಣ್ಣು ಮುಚ್ಚಿದರು. ಹೇಳುತ್ತ ಹೇಳುತ್ತ ಜನರ ತಲೆಗೆ ಮಂತ್ರಾಕ್ಷತೆ ಹಾಕಿದೆ, ಸೀರೆಯನ್ನು ಎರಡೂ ಕೈಯಿಂದ ತೆಗೆದು ಕಣ್ಣಿಗೊತ್ತಿಕೊಂಡು "ದೇವರ ಪ್ರಸಾದ" ಎಂದು ರೇಣುಕಾಬಾಯಿಯ ಉಡಿಗೆ ಹಾಕಿದೆ. ಉಡಿ ಒಡ್ಡಲು ಅವರು ಚೀಲ ಕೆಳಗಿಟ್ಟರು. ಹಾರವನ್ನು ಅಧ್ಯಕ್ಷರ ಕೊರಳಿಗೆ ಹಾಕಿದೆ. "ಭಂಡಾರ ಎಲ್ಲಾರ ಹಣಿಗೆ, ಹೊರಗ ಪಡಸಾಲಿ ಒಳಗ" ಎಂದು ಗಟ್ಟಿಯಾಗಿ ಹೇಳಿದೆ. ಜನ ಹಣೆ ಮುಂದೆ ಮಾಡಿಕೊಂಡು ಹೊರನಡೆದರು. ಬಾಗಿಲು ಹಾಕಿ, ಯಂತ್ರದ ಬೆನ್ನಿಗೆ ಕೈಯಿಟ್ಟು ನಿಂತೆ. ಹೂಂಕಾರ ಇಳಿಯುತ್ತ ಇಳಿಯುತ್ತ ಗುಂಯ್ ಎನ್ನುವಲ್ಲಿಗೆ ಬಂತು. ಫೋನು ಮತ್ತೆ ಬಂತು. "ಚಿತ್ರ ಬಂತ್ರಿ. ಮೂಳಿ ಮುರದಿಲ್ಲ, ಬರೇ ಪೆಟ್ಟು. ಇಲ್ಲೇ ಇಟ್ಕೋತೇವಿ." ನಾನು ಅಲ್ಲಿಯೇ ನೆಲದ ಮೇಲೆ ಕುಳಿತುಬಿಟ್ಟೆ.

ಪಡಸಾಲೆಗೆ ಬಂದಾಗ ಎಲ್ಲರ ಮುಖವೂ ಹಳದಿಯಾಗಿತ್ತು. ನನಗೆ ಎಂದೂ ಸಿಗದಷ್ಟು ನಮಸ್ಕಾರಗಳು ಸಿಕ್ಕವು. ರೇಣುಕಾಬಾಯಿ ಮಾತ್ರ ಉಡಿಯಲ್ಲಿ ಸೀರೆ ಹಿಡಿದು ಪಕ್ಕಕ್ಕೆ ಕರೆದರು.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಈಗ ನೀವು ಅಂದ ಮಂತ್ರ, ಗಣಪತಿನ್ನ ನೀರಿಗೆ ಬಿಡೂ ಮುಂದ ಭಟ್ಟರು ಅಂತಾರಲ್ರಿ, ಅದ ಅಲ್ಲೇನ್ರಿ?"

ಅದೇ. ಚಿಕ್ಕವನಿದ್ದಾಗ ಅಪ್ಪನ ಜೊತೆ ಪೂಜೆಗೆ ಹೋದರೆ ನಾನು ಎಚ್ಚರವಾಗುತ್ತಿದ್ದದ್ದು ಪ್ರಸಾದ ಹಂಚುವ ಹೊತ್ತಿಗೆ. ಹಾಗಾಗಿ ಬಾಯಿಗೆ ಬರುತ್ತಿದ್ದದ್ದು ವಿಸರ್ಜನೆಯ ಮಂತ್ರವೊಂದೇ. ಬಂದ ದೇವರುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಹೊರಟುಹೋಗಿ ಎಂಬುದು ಅದರ ಅರ್ಥ.

"ಹೌದ್ರಿ, ಬಾಯಾರ" ಎಂದೆ.

"ಹಂಗಾದ್ರ ಈಗ ಒಳಗ ಯಾರ ಅದಾರ್ರಿ?"

ನಾನು ನಕ್ಕೆ. ಅದೆಲ್ಲ ತಿಳಿಯಲೆಂದು ಕೊಟ್ಟ ಉದಾಹರಣೆ ಬಾಯಾರ, ಒಳಗೆ ಯಾರೂ ಇರುವುದಿಲ್ಲ, ಬರೀ ಲೆಕ್ಕಾಚಾರ ಎಂದು ವಿದ್ಯಾವಂತನ ಹಾಗೆ ಹೇಳಿದೆ. ಅವರು ತಲೆಯಾಡಿಸಿ ಹೋದರು. ಆದರೆ ಆ ಪ್ರಶ್ನೆಯನ್ನು ನನ್ನ ಹತ್ತಿರವೇ ಬಿಟ್ಟುಹೋದರು.

ಮೊನ್ನೆ ಅಧ್ಯಕ್ಷರು ಕೋಣೆಗೆ ಬಂದರು. ಉಳಿತಾಯದ ಬಗ್ಗೆ ಸಂತೋಷಪಟ್ಟರು, ನಾಲ್ಕು ಏಸಿಗಳ ಜಾಗದಲ್ಲಿ ಒಂದೇ ಓಡುತ್ತಿರುವುದನ್ನು ಮೆಚ್ಚಿದರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು.

"ಈ ಕಿತ್ತೂರಿನ ಎತ್ತು ಯಾಕಿನ್ನೂ ಹೊಟ್ಟ ತಿನ್ನಾಕತ್ತೈತಿ? ಒಳಗ ಏನರ ಐತೇನು?"

"ಏನೂ ಇಲ್ಲ, ಸರ್. ಮುಂಜಾಗ್ರತಿಗೆ ಇಟ್ಟೀನಿ."

ಮುಂಜಾಗ್ರತೆ ಎಂಬ ಶಬ್ದಕ್ಕೆ ಆಸ್ಪತ್ರೆಯಲ್ಲಿ ಯಾರೂ ಎದುರಾಡುವುದಿಲ್ಲ. ಅವರು ಹೋದ ಮೇಲೆ ಇವತ್ತು ಇದನ್ನು ಮುಗಿಸಿಯೇ ಬಿಡೋಣವೆಂದು ಗುಂಡಿಯ ಮೇಲೆ ಬೆರಳಿಟ್ಟೆ. ಆಗ ನೆನಪಾಯಿತು: ಆ ಮಂತ್ರದ ಕೊನೆಯಲ್ಲಿ, ಹೋದವರು ಮತ್ತೆ ಬನ್ನಿರೆಂಬ ಮಾತೂ ಇದೆ. ನಾನೇ ಹೇಳಿ ಕಳಿಸಿದ್ದೇನೆ. ಬಂದರೆ ದೊಡ್ಡ ಪೆಟ್ಟಿಗೆಯಲ್ಲಿ ಅವರಿಗೆ ಜಾಗ ತೋರಿಸುವವರಾರು, ಅಲ್ಲೀಗ ಬರೀ ಲೆಕ್ಕಾಚಾರವಿದೆ. ಖಾಲಿ ಜಾಗವಿರುವುದು ಈ ಕಿತ್ತೂರಿನದರಲ್ಲೇ. ಬೆರಳು ತೆಗೆದೆ. ಅದರೊಳಗೆ ಏನೂ ಇಲ್ಲ, ಖಾಲಿ ಮಾಡಿದವನು ನಾನೇ. ಆದರೂ ಈಗ ಬೆಳಿಗ್ಗೆ ಬಾಗಿಲು ತೆರೆದೊಡನೆ ನಾನು ಮೊದಲು ಕಿವಿಗೊಡುವುದು ಅದರ ಸದ್ದಿಗೆ.