ಭೀಮಾ ಬಂದದ, ಅಲ್ಲೇ ಇರು!

"ನಾಗಪಂಚಮಿ ಮುಗದ ಎಂಟನೇ ದಿನಕ್ಕ ನನ್ನ ಹೆಂಡತಿ ಈ ಖೋಲ್ಯಾಗ ಕುಂತು ಚಾ ಕಾಸಬೇಕು. ಕಾಸದಿದ್ರ ನನ್ನ ಹೆಸರು ಧರ್ಮಣ್ಣ ಅಲ್ಲ!"

ಪುಣೆಯ ದಾಪೋಡಿಯ ಚಾಳಿನ ಅಂಗಳದ ನಟ್ಟನಡುವೆ ನಿಂತು, ಬಾಯ ತುಂಬ ಹಲ್ಲುಪುಡಿ ಇಟ್ಟುಕೊಂಡು ಧರ್ಮಣ್ಣ ಈ ಭೀಷ್ಮಪ್ರತಿಜ್ಞೆ ಮಾಡಿದ. ಕೇಳಿದವರು ಮೂವರು. ನಳದ ಮುಂದೆ ಕೊಡ ಹಿಡಿದಿದ್ದ ಮನೆ ಮಾಲಕಿ ಸಾವಿತ್ರಿಬಾಯಿ, ಅವಳಿಗೆ ಕನ್ನಡ ಬಾರದು. ಪಕ್ಕದ ಖೋಲಿಯ ಕಲ್ಲವ್ವಜ್ಜಿ, ಅವಳಿಗೆ ಕಿವಿ ಮಂದ. ಮೂರನೆಯದು ಒಂದು ಆಡು. ಪೂರ್ತಿ ಕೇಳಿಸಿಕೊಂಡದ್ದು ಆಡು ಒಂದೇ.

"ಏನಂದ್ಯೋ ಯಪ್ಪಾ?" ಅಂದಳು ಅಜ್ಜಿ.

"ಚಾ, ಅಜ್ಜಿ! ಚಾ ಕಾಸೂದು!"

"ಹಂಗಾರ ನನಗೂ ಅರ್ಧ ಕಪ್ ಹಾಕು."

ಧರ್ಮಣ್ಣ ಸಿಂದಗಿ ಕಡೆಯವನು. ಪುಣೆಗೆ ಬಂದು ಏಳು ವರ್ಷ, ಭೋಸರಿಯ ಕಾರಖಾನೆಯಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ. ಏಳು ವರ್ಷಕ್ಕೆ ತಾನು ಪಕ್ಕಾ ಪುಣೆಕರ ಆದೆನೆಂಬುದು ಅವನ ನಂಬಿಕೆ. "ನನಗ ಕನಸೂ ಮರಾಠ್ಯಾಗ ಬೀಳ್ತಾವು" ಎಂದು ಹೇಳಿಕೊಂಡು ತಿರುಗುತ್ತಿದ್ದ. ಆದರೆ ಹದಿನಾಲ್ಕು ತಿಂಗಳಿಂದ ಬೀಳುತ್ತಿದ್ದ ಕನಸು ಒಂದೇ, ಮತ್ತು ಅದರಲ್ಲಿ ಬರುತ್ತಿದ್ದವಳಿಗೆ ಮರಾಠಿಯ ಒಂದಕ್ಷರ ಬರುತ್ತಿರಲಿಲ್ಲ.

ಅವಳ ಹೆಸರು ಭೀಮವ್ವ. ಭೀಮಾ ಹೊಳೆಯ ದಂಡೆಯ ಮೇಲೆ ಹುಟ್ಟಿದವಳು, ಅದಕ್ಕೆ ಆ ಹೆಸರು. ಆ ಊರಲ್ಲಿ ಆ ಹೆಸರಿಗೆ ಬರವೇ ಇಲ್ಲ. ಹೊಳೆ ಭೀಮಾ, ಗೌಡರ ಎತ್ತು ಭೀಮಾ, ಗರಡಿಮನೆಯ ದೊಡ್ಡ ಗುಂಡುಕಲ್ಲು ಭೀಮಾ, ಮೂರು ಮನೆಗೊಬ್ಬ ಭೀಮಣ್ಣ, ನಾಲ್ಕು ಮನೆಗೊಬ್ಬಳು ಭೀಮವ್ವ. ಮದುವೆಯಾದ ಮೂರನೇ ದಿನ ನಮ್ಮ ಪುಣೆಕರ ಕಾಲಮೇಲೆ ಕಾಲು ಹಾಕಿ, "ಭೀಮವ್ವ ಅಂದ್ರ ಹಳ್ಳಿ ಹೆಸರು. ಪುಣ್ಯಾಕ ಅದು ಉದ್ದ ಆಗ್ತದ. ಇನ್ನ ಮ್ಯಾಲ ನೀ ಭೀಮಾ!" ಎಂದು ಹೆಂಡತಿಯ ಹೆಸರಿನಿಂದ 'ವ್ವ' ಕತ್ತರಿಸಿ ಎಸೆದ. ಲೇಥ್ ಮಷೀನಿನವನಲ್ಲವೆ, ಹೆಚ್ಚಿದ್ದನ್ನು ಕತ್ತರಿಸುವುದು ಕೈಗೆ ಬಂದ ಚಾಳಿ.

ಕೂಡಿ ಇದ್ದದ್ದು ಹತ್ತೇ ದಿನ. ಖೋಲಿ ಸಿಕ್ಕ ಮೇಲೆ ಕರೆದೊಯ್ಯುವುದೆಂದು ಮಾತಾಗಿತ್ತು. ಹೊರಡುವ ಹಿಂದಿನ ಸಂಜೆ ಹೊಳೆದಂಡೆಯಲ್ಲಿ ಕೂತು ಅವಳು ಕೇಳಿದ್ದಳು:

"ಏನ್ರಿ, ನಿಮ್ಮ ಪುಣ್ಯಾದಾಗ ಹೊಳಿ ಅದ ಏನ್ರಿ?"

"ಪುಣ್ಯಾದಾಗ ನಳ ಅದ, ನಳ! ತಿರುವಿದ್ರ ನೀರು!"

ಅವಳು ನೀರಿನೊಳಗೆ ಕಾಲು ಇಳಿಬಿಟ್ಟು ಸುಮ್ಮನೆ ಕೂತಳು. ಆ ಸುಮ್ಮನೆ ಕೂತದ್ದೇ ಹದಿನಾಲ್ಕು ತಿಂಗಳು ಧರ್ಮಣ್ಣನ ನಿದ್ದೆಗೆಡಿಸಿತ್ತು. ಬೇರೆ ಏನಾದರೂ ಹೇಳಬೇಕಿತ್ತು ಅನಿಸುತ್ತಿತ್ತು. ಏನು ಹೇಳಬೇಕಿತ್ತೋ ತಿಳಿಯುತ್ತಿರಲಿಲ್ಲ.

ಅಂತೂ ಖೋಲಿ ಸಿಕ್ಕಿತು. ಪಂಚಮಿಗೆ ತವರಲ್ಲಿದ್ದು ಜೋಕಾಲಿ ಆಡಲಿ, ಆಮೇಲೆ ತಾನೇ ಬಂದು ಕರೆದುಕೊಂಡು ಬರುತ್ತೇನೆಂದು ಮಾವ ಜಟ್ಟೆಪ್ಪನಿಗೆ ಪತ್ರ ಹಾಕಿದ. ಸಾಹೇಬನ ಕೈಕಾಲು ಹಿಡಿದು ನಾಲ್ಕು ದಿನದ ರಜೆ ಪಡೆದ. ಚೀಲ ತುಂಬಿ, ಹೊಸ ಅಂಗಿ ತೊಟ್ಟು, ಇನ್ನೇನು ಹೊಸ್ತಿಲು ದಾಟಬೇಕು, ತಂತಿ ಬಂತು!

ತಂತಿ ಇಂಗ್ಲಿಷಿನಲ್ಲಿತ್ತು. ಮಾವ ಕನ್ನಡದಲ್ಲಿ ಹೇಳಿದ್ದನ್ನು ಅಲ್ಲಿಯ ಪೋಸ್ಟಮಾಸ್ತರ ಇಂಗ್ಲಿಷಿಗೆ ಇಳಿಸಿದ್ದ. "ಇಂಗ್ಲಿಷ್ ಓದಾಕ ನನಗ ಯಾರ ಹಂಗೂ ಬ್ಯಾಡ" ಎಂದು ಧರ್ಮಣ್ಣ ಎದೆಯುಬ್ಬಿಸಿ ಓದಿದ. ಇದ್ದದ್ದು ನಾಲ್ಕೇ ಶಬ್ದ: "ಭೀಮಾ ಕೇಮ್. ಸ್ಟೇ ದೇರ್."

ಅರ್ಥ ಸೂರ್ಯನಷ್ಟು ಸ್ಪಷ್ಟ! ಭೀಮಾ ಹೊರಟು ಬಂದಳು. ನೀನು ಅಲ್ಲೇ ಇರು, ದಾರಿಯಲ್ಲಿ ಅದಲುಬದಲು ಆಗುವುದು ಬೇಡ.

"ಮಾವ ಅಂದ್ರ ಇಂಥಾ ಮಾವ ಇರಬೇಕು!" ಎಂದು ಚೀಲ ಒಗೆದು ಕುಣಿದ. ಸಾವಿತ್ರಿಬಾಯಿಗೆ ಮರಾಠಿಯಲ್ಲಿ "ಭೀಮಾ ಆಲೀ!", ಭೀಮಾ ಬಂದಳು, ಎಂದು ಕೂಗಿದ. ಕಲ್ಲವ್ವಜ್ಜಿಯ ಕಿವಿಗೆ ಬಾಯಿ ಹಚ್ಚಿ, "ಹೆಂಡತಿ ಹೊಂಟಾಳ, ಅಜ್ಜೀ!" ಅಂದ. ಅಜ್ಜಿಗೆ ತಂತಿಯ ಮಾತನ್ನು ನಮ್ಮ ಕಡೆಯ ಬಾಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಪುಣೆಕರ!

ಆಮೇಲೆ ಶುರುವಾಯಿತು ನೋಡಿ ಖೋಲಿಯ ಜೀರ್ಣೋದ್ಧಾರ. ಗೋಡೆಗೆ ಸುಣ್ಣ ಬಳಿದ, ಅದರಲ್ಲಿ ಅರ್ಧ ತಲೆಗೆ ಬಿತ್ತು. ಹೊಸ ಸ್ಟೋವಿಗೆ ಪಂಪ್ ಹೊಡೆದ, ಹುಬ್ಬಿನ ಅರ್ಧ ಹೋಯಿತು. ಕನ್ನಡಿ ತಂದು ಅವಳ ಎತ್ತರಕ್ಕೆ ಮೊಳೆ ಹೊಡೆಯಲು ಹೋಗಿ, ಎತ್ತರ ಎಷ್ಟೆಂದು ನೆನಪಾಗದೆ, ತನ್ನ ಭುಜಕ್ಕೆ ಕೈ ಇಟ್ಟುಕೊಂಡು ಬಹಳ ಹೊತ್ತು ಗೋಡೆಯ ಮುಂದೆ ನಿಂತ. ಕೊನೆಗೆ ಒಂದು ಮೊಳ ಮಲ್ಲಿಗೆ ತಂದು ನೀರಿನ ಬಟ್ಟಲಲ್ಲಿ ಇಟ್ಟ.

ತಂತಿಯಲ್ಲಿ 'ಅಲ್ಲೇ ಇರು' ಅಂದಿತ್ತಲ್ಲ, ಇದ್ದ. ಕಲ್ಲಿನಂತೆ ಇದ್ದ. ಚಾಳಿನ ಪಾಯಖಾನೆಗೆ ಹೋದರೂ ಓಡುತ್ತ ಹೋಗಿ ಓಡುತ್ತ ಬಂದ. ಆ ದಿನ ಬರಲಿಲ್ಲ. ಮರುದಿನವೂ ಮಧ್ಯಾಹ್ನ ಆಯಿತು, ಬರಲಿಲ್ಲ. ಹೊರಗೆ ಮಳೆ ಮಾತ್ರ ಎಡೆಬಿಡದೆ ಬಂತು.

ಊರು ಬಿಟ್ಟು ಹೊರಗೆ ಕಾಲಿಡದ ಹುಡುಗಿ, ಮರಾಠಿ ಬಾರದು, ಖೋಲಿಯ ಗುರುತು ತಿಳಿಯದು. ಇಳಿದು ಎಲ್ಲಿ ಕಳೆದುಹೋದಳೋ! ಧರ್ಮಣ್ಣ ಲೋಕಲ್ ರೈಲು ಹಿಡಿದು ಪುಣೆ ಸ್ಟೇಶನ್ನಿಗೆ ಓಡಿದ. ವಿಚಾರಣೆಯ ಕಿಟಕಿ, ಅಲ್ಲಿಯವರ ಚೌಕಶಿ ಖಿಡಕಿಯ ಹಿಂದೆ ಬಾಳಕೃಷ್ಣ ಎಂಬ ಕಾರಕೂನ ಚಾ ಊದಿ ಊದಿ ಕುಡಿಯುತ್ತಿದ್ದ. ಅವರ ಮರಾಠಿ ಮಾತು ಕನ್ನಡದಲ್ಲಿ ಇಷ್ಟು:

"ಸಾಹೇಬ್, ಭೀಮಾ ಎಲ್ಲಿ?"

"ಕೋರೆಗಾಂವ ಭೀಮಾ ಏನು? ಅದಕ್ಕೆ ರೈಲಿಲ್ಲ. ಹೊರಗೆ ಎಸ್‌ಟಿ ಬಸ್ಸಿದೆ."

"ಊರಲ್ಲ ಸಾಹೇಬ್!"

"ಹಾಗಾದರೆ ಭೀಮಾ ಲಾಜ್. ರಸ್ತೆ ದಾಟಿ ಎಡಕ್ಕೆ."

"ಲಾಜ್ ಅಲ್ಲ, ಹೆಂಡತಿ!"

"ಹೆಂಡತಿ ಲಾಜಿನಲ್ಲಿದ್ದಾಳಾ?" ಬಾಳಕೃಷ್ಣ ಬಶಿ ಕೆಳಗಿಟ್ಟ. ಈಗ ಅವನಿಗೆ ಆಸಕ್ತಿ ಹುಟ್ಟಿತ್ತು.

ಅರ್ಧ ತಾಸು ಅಂಗಲಾಚಿದ ಮೇಲೆ ಪುಣ್ಯಾತ್ಮ ಮೈಕಿನ ಮುಂದೆ ಕೂತ. "ಪೂರ್ತಿ ಹೆಸರು?" ಅಂದ. "ಭೀಮಾ, ಅಷ್ಟೇ" ಅಂದ ಧರ್ಮಣ್ಣ, ವ್ವ ಕತ್ತರಿಸಿದ ಮಹಾಶಯ. ಭೋಂಗಾ ಗುಡುಗಿತು: "ಭೀಮಾ! ಭೀಮಾ! ನೀವು ಎಲ್ಲಿದ್ದರೂ ಚೌಕಶಿ ಖಿಡಕಿಗೆ ಬನ್ನಿ. ನಿಮ್ಮ ಗಂಡ ಅಳುತ್ತ ನಿಂತಿದ್ದಾನೆ!"

ಬಂದರು! ಐದು ನಿಮಿಷದಲ್ಲಿ ಏಳು ಜನ ಬಂದರು. ಒಬ್ಬ ಪೈಲ್ವಾನ, ಒಬ್ಬ ಟಿಕೆಟ್ ಕಲೆಕ್ಟರ್, ಒಬ್ಬ ಪಂಢರಪುರದ ವಾರಕರಿ, ತೊಂಬತ್ತರ ಒಬ್ಬ ಮುದುಕಿ, ಬಾಳೆಹಣ್ಣಿನ ಗಾಡಿಯವರಿಬ್ಬರು. ಎಲ್ಲರ ಹಿಂದಿನಿಂದ ಕೆಂಪಂಗಿ ತೊಟ್ಟ, ಒಂದೊಂದು ಬದಿಗೆ ಒಂದೊಂದು ಗೇಣು ಮೀಸೆ ಇದ್ದ ಹಮಾಲನೊಬ್ಬ ಗುಂಪು ಸೀಳಿಕೊಂಡು ಬಂದು ಗರ್ಜಿಸಿದ:

"ಮೀ ಭೀಮಾ! ಕೋಣ ರೇ ಮಾಝಾ ನವರಾ?" ಅಂದರೆ, ನಾನೇ ಭೀಮಾ, ನನ್ನ ಗಂಡ ಯಾವನೋ?

ಏಳು ವರ್ಷದ ಮರಾಠಿ ಒಂದೇ ಏಟಿಗೆ ಆವಿಯಾಗಿ, "ಅಯ್ಯಯ್ಯೋ, ಸತ್ತೆನಲ್ಲೋ ಶಿವನ!" ಎಂದು ಧರ್ಮಣ್ಣ ಗೋಡೆಗೆ ಒರಗಿದ. ಹಮಾಲನ ಮೀಸೆ ಸಡಿಲಾಯಿತು.

"ಎಲಾ ಇವನ! ನಮ್ಮ ಕಡಿಯಾವ್ರೇನ್ರಿ? ನಾ ಗಾಣಗಾಪೂರದಾಂವ. ಹೆಸರೇನ್ರಿ ನಿಮ್ಮದು?"

"ಧರ್ಮಣ್ಣ."

"ಧರ್ಮಗ ಭೀಮ ತಮ್ಮ ಆಗಬೇಕಲ್ಲೋ, ಹೆಂಡತಿ ಹೆಂಗಾದ?" ಎಂದು ಹಮಾಲ ಭೀಮಾ ಸ್ಟೇಶನ್ನಿನ ತಗಡು ಅದುರುವಂತೆ ನಕ್ಕ. ಧರ್ಮಣ್ಣ ತಂತಿ ತೆಗೆದು ತೋರಿಸಿದ.

"ನನಗ ಓದಾಕ ಬರಂಗಿಲ್ರಿ. ನಮ್ಮ ಮಾತಿನ್ಯಾಗ ಹೇಳ್ರಿ, ನಿಮ್ಮ ಮಾವ ಹೆಂಗ ಹೇಳ್ಯಾನೋ ಹಂಗ."

ಮೊದಲ ಸಲ ಧರ್ಮಣ್ಣ ಆ ನಾಲ್ಕು ಶಬ್ದವನ್ನು ಮಾವನ ಬಾಯಲ್ಲಿಟ್ಟು ಹೇಳಿದ: "ಭೀಮಾ ಬಂದದ. ಅಲ್ಲೇ ಇರು."

ಹೇಳುತ್ತ ಹೇಳುತ್ತಲೇ ಅವನ ದನಿ ಸಣ್ಣದಾಯಿತು.

"ಹೊಳಿ ಬಂದದೋ ಮಾರಾಯಾ!" ಹಮಾಲ ನೆಲಕ್ಕೆ ಕೂತು ತೊಡೆ ಬಡಿದುಕೊಂಡ. "ಹೊಳಿ ತುಂಬಿ ಬಂದದ! ತೆಪ್ಪ ಹಾಕಂಗಿಲ್ಲ, ದಾಟಾಕ ಬರಂಗಿಲ್ಲ, ಬರಬ್ಯಾಡ, ಅಲ್ಲೇ ಇರು ಅಂದಾನ! ಹೊಳಿದಂಡಿ ಅಳ್ಯಾ ಆಗಿ ಇಷ್ಟ ತಿಳೀಲಿಲ್ಲೇನು?"

ಧರ್ಮಣ್ಣನಿಗೆ ಆಗ ಹೊಳೆಯಿತು. ಮಾವ ಮಗಳನ್ನು ಎಂದೂ ಭೀಮಾ ಅಂದವನೇ ಅಲ್ಲ. ಅವಳು ಅವನಿಗೆ ಭೀಮವ್ವ, ಭೀಮಾ ಅಂದರೆ ಹೊಳೆಯೊಂದೇ. ಪ್ರವಾಹ, ಪೂರ ಎಂಬ ಮಾತು ಆ ದಂಡೆಯಲ್ಲಿಲ್ಲ. ಹೊಳೆ ಬರುತ್ತದೆ, ಹೊಳೆ ಇಳಿಯುತ್ತದೆ, ಬೀಗರ ಹಾಗೆ. ಹುಡುಗನಾಗಿದ್ದಾಗ ಮಳೆಗಾಲವೆಲ್ಲ ಇವನೂ ಕೇಳಿದ್ದ ಮಾತು! ಪುಣೆಗೆ ಬಂದು ಮರೆತದ್ದು ಅದೊಂದೇ ಮಾತೋ, ಇನ್ನೂ ಏನೇನೋ.

ದಾಪೋಡಿಯಲ್ಲಿ ಇಳಿದವನು ನೆಟ್ಟಗೆ ಖೋಲಿಗೆ ಹೋಗಿ ಬಾಡಿದ ಮಲ್ಲಿಗೆ ಎತ್ತಿಕೊಂಡು ಸೇತುವೆಗೆ ಬಂದ. ಏಳು ವರ್ಷದಲ್ಲಿ ಎಷ್ಟೋ ಸಲ ದಾಟಿದ್ದ ಸೇತುವೆ. ಕೆಳಗೆ ಏನಿದೆ ಎಂದು ಬಗ್ಗಿ ನೋಡಿದವನಲ್ಲ. ಈಗ ನೋಡಿದ. ಮುಳಾ ನದಿ ಕೆಂಪಾಗಿ, ಗಿಡಗಂಟಿ ಹೊತ್ತುಕೊಂಡು ಓಡುತ್ತಿತ್ತು.

ಪಕ್ಕದಲ್ಲಿ ಮೀನಿಗೆ ಗಾಳ ಬಿಟ್ಟು ಕೂತವನನ್ನು ಮರಾಠಿಯಲ್ಲಿ ಕೇಳಿದ, "ಈ ನೀರು ಎಲ್ಲಿಗೆ ಹೋಗುತ್ತದೆ?"

"ಇನ್ನೆಲ್ಲಿಗೆ? ಭೀಮೆಗೆ."

ಧರ್ಮಣ್ಣ ಕಟಕಟೆ ಹಿಡಿದು ನಿಂತ. ತನ್ನ ತಗಡಿನ ಮೇಲೆ ಬಿದ್ದ ಮಳೆ, ಸಾವಿತ್ರಿಬಾಯಿಯ ಅಂಗಳದ ನೀರು, ಎಲ್ಲಾ ದೌಂಡ ದಾಟಿ, ಪಂಢರಪುರ ದಾಟಿ, ಅವಳು ಕಾಲು ಇಳಿಬಿಡುವ ಕಲ್ಲಿನ ತನಕ ಹೋಗುತ್ತಿತ್ತು. ಟಿಕೆಟಿಲ್ಲ, ರಜೆಯಿಲ್ಲ, ಸಾಹೇಬನ ಸಹಿ ಬೇಕಿಲ್ಲ. 'ನಿಮ್ಮ ಪುಣ್ಯಾದಾಗ ಹೊಳಿ ಅದ ಏನ್ರಿ' ಎಂದು ಕೇಳಿದ್ದಳಲ್ಲ. ಅದ, ನಿನ್ನ ಹೊಳಿನೇ ಅದ, ಇಲ್ಲಿಂದನ ಬರ್ತದ ಎಂದು ಆವತ್ತು ಹೇಳಿದ್ದರೆ! ನಳ ಅಂದಿದ್ದ, ಮೂರ್ಖ. ಮಲ್ಲಿಗೆಯನ್ನು ನೀರಿಗೆ ಬಿಟ್ಟ. ಅದು ಒಮ್ಮೆ ತಿರುಗಿ, ಅವನು ಹೋಗಬೇಕಾದ ದಿಕ್ಕಿಗೆ ಹೊರಟುಹೋಯಿತು.

ರಜೆ ತೀರಿತು. ಚಾಳಿನವರ ಚೇಷ್ಟೆ ತೀರಲಿಲ್ಲ. ಕೊಡ ತುಂಬಿ ಚೆಲ್ಲಿದರೆ ಸಾಕು, "ಧರ್ಮಣ್ಣಾ, ಭೀಮಾ ಆಲೀ!" ಎಂದು ಸಾವಿತ್ರಿಬಾಯಿ ಕೂಗುವಳು. ಕಲ್ಲವ್ವಜ್ಜಿಗೆ ಮಾತ್ರ ಚೇಷ್ಟೆ ತಿಳಿಯಲಿಲ್ಲ. ಎಲ್ಲೋ ನೀರು ಏರಿದೆ ಎಂದಷ್ಟೇ ಕಿವಿಗೆ ಬಿದ್ದು, ತನ್ನ ಗಂಟನ್ನು ಅಟ್ಟದ ಮೇಲೆ ಇಟ್ಟಳು.

ತಂತಿ ಬಂದ ಹನ್ನೆರಡನೇ ದಿನ ರವಿವಾರ. ಬಾಗಿಲ ಮುಂದೆ ಕೆಂಪಂಗಿ, ಗೇಣುದ್ದ ಮೀಸೆ. ಆವತ್ತು ಖೋಲಿಯ ಗುರುತು ಕೇಳಿಕೊಂಡಿದ್ದ ಹಮಾಲ ಭೀಮಾ!

"ಧರ್ಮಣ್ಣಾ, ಭೀಮಾ ಇಳದದ!"

ಒಮ್ಮೆ ಸುಟ್ಟುಕೊಂಡ ಧರ್ಮಣ್ಣ ಈ ಸಲ ಜಾಣನಾಗಿದ್ದ. ಗಂಭೀರವಾಗಿ ತಲೆಯಾಡಿಸಿದ. "ಇಳೀಲೇಬೇಕಲ್ಲ. ಮಳಿ ನಿಂತು ಎಂಟು ದಿನ ಆತು. ಎಷ್ಟ ಇಳದದ?"

"ಎಷ್ಟ ಅಂದ್ರ? ಪೂರಾ ಇಳದದ!"

"ಛಲೋ ಆತು. ಇನ್ನೊಂದು ನಾಕು ದಿನ ರಾಡಿ ಆರಲಿ. ಮುಂದಿನ ವಾರ ರಜಾ ಕೇಳ್ತೀನಿ."

"ಮುಂದಿನ ವಾರನಾ? ಪಾಪ, ಮುಂಜಾನಿಂದ ಟ್ರಂಕಿನ ಮ್ಯಾಲ ಕುಂತದ!"

"ಹೊಳಿ ಟ್ರಂಕಿನ ಮ್ಯಾಲ ಹೆಂಗ ಕೂಡ್ತದೋ?"

ಹಮಾಲ ಹಣೆ ಬಡಿದುಕೊಂಡ. ಅವನ ಕಡೆಯ ಮಾತಿನಲ್ಲಿ ಹೆಣ್ಣುಮಕ್ಕಳೂ ಹೊಳೆಯ ಹಾಗೆ 'ಬಂದದ', 'ಇಳದದ'. "ನಿನ್ನ ಹೆಂಡತಿ ಇಳದದೋ! ರೈಲಿಂದ! ಊರಾಂವ ಒಬ್ಬ ದೌಂಡ ತನಾ ಕರಕೊಂಡ ಬಂದನಂತ, ಅಲ್ಲಿಂದ ಒಬ್ಬಾಕಿನ ಬಂದದ. ಗಂಡನ ಹೆಸರು ಕೇಳಿದ್ರ ಹೇಳವೊಲ್ಲದು, ಪಾಂಡವರ ಹಿರಿಯಣ್ಣ ಅಂತದ. ನಡಿಯವ್ವ, ಮನಿ ತೋರಸ್ತೀನಿ ಅಂದ್ರ ಏಳವೊಲ್ಲದು. ಭೀಮಾ ಇಳದದ ಅಂತ ಹೇಳ್ರಿ, ಕರಿಯಾಕ ಬಂದ್ರ ಬರ್ತೀನಿ, ಇಲ್ಲಾಂದ್ರ ಹೊಳ್ಳಿ ಹೋಗ್ತೀನಿ ಅಂತ ಕುಂತದ!"

ಧರ್ಮಣ್ಣ ಓಡಿದ ಓಟಕ್ಕೆ ಒಂದು ಚಪ್ಪಲಿ ದಾಪೋಡಿಯಲ್ಲಿ ಉಳಿಯಿತು, ಇನ್ನೊಂದು ಲೋಕಲ್ಲಿನಲ್ಲಿ ಬಿತ್ತು. ಬರಿಗಾಲಲ್ಲಿ ಪ್ಲಾಟ್‌ಫಾರ್ಮಿನ ಕೊನೆಗೆ ಬಂದರೆ, ತಗಡಿನ ಟ್ರಂಕಿನ ಮೇಲೆ ಇಳಕಲ್ಲ ಸೀರೆಯ ಸೆರಗು ಹೊದ್ದು ಅವಳು ಕೂತಿದ್ದಳು. ಕಾಲು ಇಳಿಬಿಟ್ಟುಕೊಂಡು, ಥೇಟ್ ಹೊಳೆದಂಡೆಯ ಹಾಗೆ.

ಅವಳು ಅವನ ಅರ್ಧ ಹುಬ್ಬು ನೋಡಿದಳು, ಬರಿಗಾಲು ನೋಡಿದಳು. "ನಿಮ್ಮ ನೀರೆಲ್ಲಾ ನಮ್ಮ ಕಡಿ ಕಳಿಸಿದ್ರಿ. ನೀವಷ್ಟ ಇಲ್ಲೇ ಉಳಿದ್ರಿ" ಅಂದಳು. ಅಂದು ಮುಖ ಅತ್ತ ತಿರುಗಿಸಿದಳು. ಕಣ್ಣು ಒರೆಸಿಕೊಂಡದ್ದು ಅವನಿಗೆ ಕಂಡಿತು.

"ಭೀಮಾ..." ಅಂದ. ಸಾಲದೆನಿಸಿತು. "ಭೀಮವ್ವಾ, ನಡಿ. ನಮ್ಮ ಮನಿ ಹತ್ರ ಹೊಳಿ ಅದ."

ಚಾಳಿಗೆ ಬಂದಾಗ ಸಂಜೆ. ಟ್ರಂಕು ಹೊತ್ತ ಪುಣೆಕರ ಅಂಗಳದ ನಡುವೆ, ಅದೇ ಪ್ರತಿಜ್ಞೆಯ ಜಾಗದಲ್ಲಿ ನಿಂತು, ಕಲ್ಲವ್ವಜ್ಜಿಗೂ ಕೇಳುವಂತೆ ತನ್ನ ಊರಿನ ಮಾತಿನಲ್ಲೇ ಬಾಯಿಬಿಟ್ಟು ಕೂಗಿದ:

"ಅಜ್ಜೀ! ಭೀಮಾ ಬಂದದ!"

ಒಳಗೆ ಪಾತ್ರೆ ಉರುಳಿದ ಸದ್ದು. ಅಜ್ಜಿ ತನ್ನ ಕೋಳಿಯನ್ನು ಕಂಕುಳಲ್ಲಿ ಅವಚಿಕೊಂಡು, ಅಟ್ಟದ ಏಣಿಯ ಮೂರನೇ ಮೆಟ್ಟಿಲ ಮೇಲಿನಿಂದ ಚೀರಿದಳು: "ಮತ್ತ ಬಂತಾ? ಅಯ್ಯ ನನ್ನ ಶಿವನ! ಎಲ್ಲಿ ತನಾ ಬಂದದೋ?"

ಧರ್ಮಣ್ಣ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಹೋಯಿತು.

"ಹೊಸ್ತಿಲ ತನಾ ಬಂದದ ಅಜ್ಜಿ" ಅಂದಳು ಭೀಮವ್ವ. "ಕಾಲಿಗೆ ನೀರು ಕೊಟ್ರ ಒಳಗೂ ಬರ್ತದ."