ಊಟಿಯಲ್ಲಿ ಒಂದೇ ಸಲ ಕೇಳಿದರು

ಬೇಡ ಎನ್ನುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಚನ್ನಗಿರಿ ತಾಲ್ಲೂಕಿನಲ್ಲಿ ಇರಲಿಕ್ಕಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ಯಾರಾದರೂ ತಿಂಡಿಯ ತಟ್ಟೆ ಮುಂದೆ ಹಿಡಿದರೆ ನನ್ನ ಬಾಯಿ ತಾನಾಗಿಯೇ "ಬ್ಯಾಡ್ರೀ, ಈಗ ತಾನೇ ಆತು" ಎಂದುಬಿಡುತ್ತದೆ. ಇದನ್ನು ಸುಳ್ಳು ಎಂದು ತಿಳಿಯಬೇಡಿ, ನಮ್ಮ ಕಡೆಯ ಮರ್ಯಾದೆಯೇ ಹಾಗೆ. ಮೊದಲನೆಯ ಸಲ ಕೇಳಿದಾಗ ಬೇಡ ಎನ್ನಬೇಕು. ಎರಡನೆಯ ಸಲಕ್ಕೆ ತಟ್ಟೆಗೆ ಕೈ ಅಡ್ಡ ಹಿಡಿಯಬೇಕು. ಮೂರನೆಯ ಸಲ "ನಿಮ್ಮ ಬಲವಂತಕ್ಕೆ" ಎಂದು ಕೈ ತೆಗೆಯಬೇಕು. ಬಡಿಸುವವರಿಗೂ ಇದು ಗೊತ್ತಿರುವುದರಿಂದ ಯಾರೂ ಉಪವಾಸ ಬೀಳುವುದಿಲ್ಲ. ಒಮ್ಮೆ ಸಂತೇಬೆನ್ನೂರಿನ ಬೀಗರ ಮನೆಯಲ್ಲಿ ಬಸ್ಸಿನ ಅವಸರಕ್ಕೆ ನಾನು ಎರಡನೆಯ ಸಲಕ್ಕೇ ಹೂಂ ಎಂದುಬಿಟ್ಟೆ. ಮನೆಯ ಯಜಮಾನರು ಹೋಳಿಗೆ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಹೋಳಿಗೆ ಹಾಕಿದರು, ಇಲ್ಲವೆನ್ನುವುದಿಲ್ಲ, ಆದರೆ ತುಪ್ಪ ಮಾತ್ರ ಕಡಿಮೆಯಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಚನ್ನಗಿರಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಹೊನ್ನಾಳಿಯಿಂದ ಬಂದ ನನ್ನ ಹೆಂಡತಿ ಗಿರಿಜೆ ಮದುವೆಯಾದಂದಿನಿಂದ ಊಟಿ ನೋಡಬೇಕು ಎನ್ನುತ್ತಿದ್ದಳು. ಹನ್ನೆರಡು ವರ್ಷ "ಮುಂದಿನ ರಜಕ್ಕೆ ನೋಡೋಣ" ಎಂದು ತಳ್ಳಿ ತಳ್ಳಿ ಕೊನೆಗೆ ಹೊರಟೇಬಿಟ್ಟೆ. ಜೊತೆಗೆ ಸೊಕ್ಕೆಯ ನನ್ನ ಸೋದರತ್ತೆ ನೀಲಮ್ಮನನ್ನೂ ಕರೆದುಕೊಂಡೆ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಅನ್ನ ಕಲಸಿ ತಿನ್ನಿಸಿದವಳು ಅವಳು. ತೊಂದರೆ ಏನೆಂದರೆ ಅತ್ತೆ ಹೋಟೆಲಿನಲ್ಲಿ ನೀರನ್ನೂ ಮುಟ್ಟುತ್ತಿರಲಿಲ್ಲ. "ಯಾರು ಮಾಡ್ಯಾರೋ, ಯಾವ ಪಾತ್ರೆಯಾಗೆ ಮಾಡ್ಯಾರೋ" ಎನ್ನುತ್ತಿದ್ದಳು. ಆಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ದಾರಿ ತೋರಿಸಿದರು. ಊಟಿಯಲ್ಲಿ ಉಡುಪಿ ಕಡೆಯ ರುಕ್ಮಿಣಿಯಮ್ಮ ಎಂಬುವವರು ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾರೆ, ಬೆಳಗಿನ ತಿಂಡಿ ಅವರದೇ, ಮಡಿವಂತ ಅಡುಗೆಮನೆ ಎಂದರು. "ಮನೆ ಅಂದ ಮ್ಯಾಲೆ ಆತು ಬಿಡು" ಎಂದು ಅತ್ತೆ ಒಪ್ಪಿದಳು. ಮಿಕ್ಕ ಹೊತ್ತಿಗಿರಲಿ ಎಂದು ಒಂದು ಡಬ್ಬಿ ತುಂಬ ಗರಿಗರಿಯಾಗಿ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಪುಡಿ ಕಟ್ಟಿಕೊಂಡಳು.

ಮೊದಲನೆಯ ಬೆಳಿಗ್ಗೆ ರುಕ್ಮಿಣಿಯಮ್ಮ ತಟ್ಟೆಗೆ ಎರಡೆರಡು ಇಡ್ಲಿ ಹಾಕಿ, ತಿಂದು ಮುಗಿಸುವ ಹೊತ್ತಿಗೆ ಪಾತ್ರೆ ಹಿಡಿದು ಬಂದರು. "ಇನ್ನೆರಡು ಹಾಕಲಾ?" ಎಂದರು. ಮೂವರಲ್ಲಿ ಯಜಮಾನ ನಾನೇ ಆದ್ದರಿಂದ ಎಲ್ಲರ ಪರವಾಗಿ "ಬ್ಯಾಡ್ರೀ, ಹೊಟ್ಟೆ ತುಂಬೇತಿ" ಎಂದೆ. "ಸರಿ" ಎಂದು ಅವರು ಒಳಗೆ ಹೋದರು. ನಾವು ಎರಡನೆಯ ಸಲ ಕೇಳಲು ಬರುತ್ತಾರೆಂದು ಕೂತೆವು. ತುಸು ಹೊತ್ತಿಗೆ ಅಡುಗೆಮನೆಯಿಂದ ಇಡ್ಲಿ ಪಾತ್ರೆ ತೊಳೆಯುವ ಸದ್ದು ಕೇಳಿಸಿತು.

ಅವತ್ತು ಸಸ್ಯೋದ್ಯಾನಕ್ಕೆ ಹೋದೆವು. ನಾನು ಹೂಗಳ ಹೆಸರಿನ ಫಲಕಗಳನ್ನು ಪಾಠ ಮಾಡಿದ ಹಾಗೆ ಓದುತ್ತ ಹೋದೆ. ಅತ್ತೆ ಮಾತ್ರ ಇಳಿಜಾರಿನಲ್ಲಿ ಒಪ್ಪವಾಗಿ ಕತ್ತರಿಸಿದ ಹುಲ್ಲನ್ನೇ ನೋಡುತ್ತಿದ್ದಳು. "ಇಷ್ಟು ಹಸಿ ಹುಲ್ಲು ಐತೆ, ಒಂದು ಎಮ್ಮೀನೂ ಬಿಟ್ಟಿಲ್ಲವಲ್ಲೋ" ಎಂದು ಮರುಗಿದಳು. ಮಧ್ಯಾಹ್ನ ಡಬ್ಬಿ ತೆರೆದರೆ ಊಟಿಯ ಮಂಜಿಗೆ ರೊಟ್ಟಿಯೆಲ್ಲ ಬಟ್ಟೆಯಂತೆ ಮೆತ್ತಗಾಗಿತ್ತು. ಮರುದಿನಕ್ಕೆ ಬೂಷ್ಟು ಬಂದು ಅದನ್ನು ಎಸೆಯಬೇಕಾಯಿತು. ಅಲ್ಲಿಗೆ ಅತ್ತೆಗೆ ಉಳಿದದ್ದು ಬಾಳೆಹಣ್ಣು, ಮತ್ತು ರುಕ್ಮಿಣಿಯಮ್ಮನ ತಿಂಡಿ.

ಆ ಎರಡನೆಯ ಬೆಳಿಗ್ಗೆ ತಟ್ಟೆಗೆ ಬಿದ್ದದ್ದು ಒಂದೊಂದೇ ದೋಸೆ. "ನೀವು ಹಕ್ಕಿ ತಿಂದ ಹಾಗೆ ತಿನ್ನುವವರು, ಅದಕ್ಕೇ ಹಿಟ್ಟು ಕಡಿಮೆ ಮಾಡಿದೆ. ತಿಂಡಿ ಚೆಲ್ಲುವುದೆಂದರೆ ನನಗೆ ಆಗುವುದಿಲ್ಲ ಮಾರಾಯ್ರೆ" ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಆಮೇಲೆ "ಇನ್ನೊಂದು ಹಾಕಲಾ?" ಎಂದೂ ಕೇಳಿದರು. ಇವತ್ತು ಹೂಂ ಎನ್ನಲೇಬೇಕೆಂದು ರಾತ್ರಿಯೇ ಗಟ್ಟಿ ಮನಸ್ಸು ಮಾಡಿದ್ದೆ. ಆದರೆ ಬಾಯಿ ನನ್ನ ಮಾತು ಕೇಳಬೇಕಲ್ಲ. "ಬ್ಯಾಡ್ರೀ" ಎಂದಿತು.

ದೊಡ್ಡಬೆಟ್ಟದ ತುದಿಯಲ್ಲಿ ಅತ್ತೆ ಒಮ್ಮೆಗೇ ಕಲ್ಲಿನ ಮೇಲೆ ಕೂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು. "ಏನಿಲ್ಲಪ್ಪ, ಮಂಜಿಗೆ ಕಣ್ಣು ಕತ್ತಲೆ ಬಂತು" ಎಂದಳು. ಗಿರಿಜೆ ಅವಳ ಬೆನ್ನು ಸವರುತ್ತ ನನ್ನ ಕಡೆ ತಿರುಗಿದಳು. "ಮಂಜಲ್ರೀ, ಹಸಿವು. ನನಗೆ ಯಾವ ಬೆಟ್ಟಾನೂ ನೋಡೋದು ಬ್ಯಾಡ. ಮೊದಲು ಆ ಅಮ್ಮಗೆ ಹೋಗಿ ಹೇಳ್ರಿ, ಇಲ್ಲಾಂದ್ರೆ ಇವತ್ತೇ ಬಸ್ ಹತ್ತೋಣ" ಎಂದಳು. ನನಗೆ ನಾಚಿಕೆಯಾಯಿತು, ಭಯವೂ ಆಯಿತು. ನನಗೆ ಉಣ್ಣಿಸಿದವಳನ್ನು ಕರೆತಂದು ಬೆಟ್ಟದ ಮೇಲೆ ಉಪವಾಸ ಕೂರಿಸಿದ್ದೆನಲ್ಲ.

ಸಂಜೆ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತೆ. ಚಳಿಯ ವಿಷಯ ಮಾತಾಡಿದೆ. ನಮ್ಮ ಕಡೆಯ ಅಡಿಕೆ ಧಾರಣೆಯ ವಿಷಯ ಮಾತಾಡಿದೆ. ರುಕ್ಮಿಣಿಯಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ "ಏನಾದರೂ ಬೇಕಿತ್ತಾ?" ಎಂದು ಕೇಳಿದರು. "ಏನೂ ಬ್ಯಾಡ್ರೀ" ಎಂದು ಹಿಂತಿರುಗಿದೆ. ಗಿರಿಜೆ ನನ್ನ ಮುಖ ನೋಡಿದವಳೇ ಎದ್ದು ಹೋದಳು. ಒಳಗೆ ಇಬ್ಬರೂ ನಗುವುದು ಕೇಳಿಸಿತು. ಯಾರನ್ನು ಕುರಿತು ನಗುತ್ತಿದ್ದರೆಂದು ವಿಚಾರಿಸಲು ನಾನು ಹೋಗಲಿಲ್ಲ.

ಮೂರನೆಯ ಬೆಳಿಗ್ಗೆ ರುಕ್ಮಿಣಿಯಮ್ಮ ದೊಡ್ಡ ಪಾತ್ರೆಯನ್ನೇ ಎತ್ತಿಕೊಂಡು ಬಂದು ಅತ್ತೆಯ ಮುಂದೆ ನಿಂತರು. "ಹಾಕಲಾ? ಹಾಕಲಾ? ಹಾಕಲಾ? ಮೂರಾಯಿತು ನೋಡಿ, ಇನ್ನು ತಟ್ಟೆ ಹಿಡಿಯಿರಿ" ಎಂದರು. ಅತ್ತೆ ತಟ್ಟೆ ಹಿಡಿದಳು. ಆರು ಇಡ್ಲಿ ತಿಂದಳು. ಎಣಿಸಬಾರದಿತ್ತು, ಆದರೂ ಎಣಿಸಿದೆ, ಒಂದೊಂದು ಇಡ್ಲಿಗೂ ನನ್ನ ಎದೆಯ ಭಾರ ಇಳಿಯುತ್ತಿತ್ತು.

ಏಳನೆಯದನ್ನು ಸಾಂಬಾರಿನಲ್ಲಿ ಅದ್ದುತ್ತ ಅತ್ತೆ ರುಕ್ಮಿಣಿಯಮ್ಮನಿಗೆ ಹೇಳಿದಳು: "ನೀನು ಒಂದು ಸಲ ಕೇಳಿದ್ರೂ ಸಾಕಾಗಿತ್ತು ತಾಯಿ. ಹಸಿದವರು ಮೂರು ಸಲ ಕಾಯಾಕೆ ಆಗ್ತೈತೇನು? ಮೊದಲನೇ ದಿನಾನೇ 'ಹಾಕವ್ವಾ' ಅನ್ನಾಕೆ ಬಾಯಿ ತೆರೆದಿದ್ದೆ. ಅಷ್ಟರಾಗೆ ಇವನು ಬ್ಯಾಡ ಅಂದ."

"ಮತ್ತೆ ಹೇಳಬಾರದಿತ್ತೇನತ್ತೆ?" ಎಂದೆ.

"ಹೆಂಗೆ ಹೇಳಲಪ್ಪ? ಮೇಷ್ಟ್ರು ನೀನು. ಪರವೂರಿನಾಗೆ ನಿನ್ನ ಮಾತು ತೆಗೆದು ಹಾಕಿದ್ರೆ ನಿನ್ನ ಮುಖ ಏನಾಗಬೇಕು?"

ನನ್ನ ಮುಖ ಏನಾಗಿತ್ತೋ ನನಗೆ ಕಾಣಿಸಲಿಲ್ಲ. ಗಿರಿಜೆಗೆ ಕಂಡಿರಬೇಕು. "ನನಗೂ ಬೇಕಿತ್ತು. ಇವತ್ತಲ್ಲ, ಹನ್ನೆರಡು ವರ್ಷದಿಂದ. ಹೋದ ಮನೆಯಾಗೆಲ್ಲ ಇವರು ನನ್ನ ಪಾಲಿನದೂ ಸೇರಿಸಿ ಬ್ಯಾಡ ಅಂತಾರೆ" ಎಂದು ತಣ್ಣಗೆ ಹೇಳಿ ತನ್ನ ತಟ್ಟೆ ಮುಂದೆ ಮಾಡಿದಳು. ಮರ್ಯಾದೆ ಮರ್ಯಾದೆ ಎಂದು ನಾನು ಕಾಪಾಡಿಕೊಂಡು ಬಂದದ್ದು ಇವರಿಬ್ಬರ ಹೊಟ್ಟೆ ಕಟ್ಟಿ ಎಂದು ತಿಳಿದು ಮನಸ್ಸಿಗೆ ನೋವಾಯಿತು. ಇನ್ನು ಮೇಲೆ ಇನ್ನೊಬ್ಬರ ಪರವಾಗಿ ಬಾಯಿ ತೆರೆಯುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಊರಿಗೆ ಬಂದ ಹೊಸದರಲ್ಲೇ ನ್ಯಾಮತಿಯಲ್ಲಿರುವ ನಮ್ಮ ಡ್ರಾಯಿಂಗ್ ಮೇಷ್ಟ್ರ ಹುಟ್ಟೂರಿನ ಮನೆಗೆ ಹೋದೆವು. ಮಂಡಕ್ಕಿ ಕೊಟ್ಟ ಮೇಲೆ ಅವರು ಎಣ್ಣೆಯಿಂದ ಆಗ ತಾನೇ ತೆಗೆದ ಮೆಣಸಿನಕಾಯಿ ಬಜ್ಜಿ ತಂದರು. "ಬಿಸಿ ಅದಾವೆ, ಹಾಕಲೇನ್ರಿ?" ಎಂದರು. ನಾನು ತುಟಿ ಬಿಗಿಹಿಡಿದು ಕೂತೆ. "ಹಾಕ್ರಿ" ಎಂದು ಗಿರಿಜೆ ಮೊದಲ ಸಲಕ್ಕೇ ತಟ್ಟೆ ಹಿಡಿದಳು. ಅವಳಿಗೆ ನಾಲ್ಕು ಹಾಕಿ ಅವರು ನನ್ನ ಕಡೆ ತಿರುಗಿದರು. ನಾನೂ ಈ ಸಲ ಮೊದಲಿಗೇ ಹೂಂ ಎನ್ನೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಗಿರಿಜೆ "ಅವರಿಗೆ ಬ್ಯಾಡ್ರೀ" ಎಂದಳು. ಡ್ರಾಯಿಂಗ್ ಮೇಷ್ಟ್ರು ಮರ್ಯಾದಸ್ಥರು, ಮೂರು ಸಲ ಕೇಳಿದರು. ಮೂರು ಸಲವೂ ಅವಳೇ ಉತ್ತರ ಕೊಟ್ಟಳು.